ಮಾವನ ಅಳತೆ ಮುಗಿಯುವುದಿಲ್ಲ

ನನ್ನ ಮಾವನಿಗೆ ಹುಚ್ಚು ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲವಲ್ಲ! ಆದರೆ ಮಾವನ ಎದುರಿಗೇ ಹೇಳಿದರೆ ಮಾತ್ರ ಕಷ್ಟ. ಅವರಿಗೆ ಸಿಟ್ಟು ಬರುವುದಿಲ್ಲ. "ಎಷ್ಟು ಆಳ ಉಂಟು? ಅಳೆದು ನೋಡಿದ್ದೀರಾ?" ಎಂದು ಕೇಳುತ್ತಾರೆ. ಇಲ್ಲ ಎಂದರೆ, "ಅಳೆಯದೆ ಹೇಳಬಾರದು" ಎಂದು ಎಲೆಯಡಿಕೆ ಉಗಿದು ಎದ್ದು ಹೋಗುತ್ತಾರೆ. ಹುಚ್ಚು ಎಂದವನೇ ಬೆಪ್ಪಾಗಿ ಕೂರಬೇಕು.

ಇವರು ನನ್ನ ತಾಯಿಯ ತಮ್ಮ. ಮಂಗಳೂರು ಬಂದರಿನಲ್ಲಿ ನೀರು ಅಳೆಯುವುದು ಇಷ್ಟು ವರ್ಷ ಅವರ ಉದ್ಯೋಗ. ನೀರು ಅಳೆಯುವುದೂ ಒಂದು ಉದ್ಯೋಗವಾ ಎಂದು ನಗಬೇಡಿ. ನೇತ್ರಾವತಿಯೂ ಗುರುಪುರ ಹೊಳೆಯೂ ಒಟ್ಟಾಗಿ ಸಮುದ್ರಕ್ಕೆ ಬೀಳುವ ಜಾಗಕ್ಕೆ ನಾವು ಅಳಿವೆ ಬಾಗಿಲು ಎನ್ನುತ್ತೇವೆ. ಹೆಸರಿಗೆ ಬಾಗಿಲು, ಒಂದು ಕಡೆ ನಿಲ್ಲುವ ಜಾತಿಯಲ್ಲ. ಪ್ರತಿ ಮಳೆಗಾಲದಲ್ಲೂ ಆಚೆಯ ಮರಳು ಈಚೆಗೆ, ಈಚೆಯದು ಆಚೆಗೆ. ಹೋದ ವರ್ಷ ಹಂಚು ತುಂಬಿದ ಮಂಜಿ ಹಡಗು ಹಾಯಿ ಬಿಚ್ಚಿಕೊಂಡು ಜಂಬದಿಂದ ಹೋದ ದಾರಿಯಲ್ಲಿ ಈ ವರ್ಷ ಕೊಕ್ಕರೆ ಮೊಣಕಾಲು ಒದ್ದೆಯಾಗದೆ ನಿಂತಿರುತ್ತದೆ. ಆದ್ದರಿಂದ ಮಳೆ ಬಿಟ್ಟು, ಸಮುದ್ರಕ್ಕೆ ಹಾಲು ತೆಂಗಿನಕಾಯಿ ಕೊಟ್ಟಾದ ಮೇಲೆ ಬಂದರು ಕಚೇರಿಯ ದೋಣಿ ಹೋಗಿ ಇಡೀ ಬಾಗಿಲನ್ನು ಅಳೆದು, ಆಳ ಇರುವಲ್ಲಿ ಬಾವುಟ ಕಟ್ಟಿದ ಬಿದಿರು ನೆಡಬೇಕು. ಆಮೇಲೆಯೇ ದೊಡ್ಡ ಮಂಜಿಗಳು ಒಳಗೆ ಬರುವುದು.

ದೋಣಿಯ ನಡುವೆ ಕೂತ ಕಚೇರಿಯ ಬಿಳಿಯ ದೊರೆ ಹಿತ್ತಾಳೆಯ ಯಂತ್ರವನ್ನು ಕಣ್ಣಿಗೆ ಹಿಡಿದು ದಡದ ಗುರುತು ನೋಡುತ್ತಾರೆ. ಗುಮಾಸ್ತರು ಬರೆದುಕೊಳ್ಳುತ್ತಾರೆ. ಮಾವ ದೋಣಿಯ ತಲೆಯಲ್ಲಿ ನಿಂತು, ಹಗ್ಗ ಕಟ್ಟಿದ ಸೀಸದ ಗುಂಡನ್ನು ಬೀಸಿ ನೀರಿಗೆ ಎಸೆಯುತ್ತಾರೆ. ಗುಂಡು ತಳ ಮುಟ್ಟಿದ ಕೂಡಲೇ ಕೂಗುತ್ತಾರೆ: "ಎರಡು ಮಾರು! ಮರಳು!" ಎರಡು ಕೈ ಚಾಚಿದಷ್ಟು ಉದ್ದ ಒಂದು ಮಾರು. ತಳದಲ್ಲಿ ಮರಳು ಎಂದು ಹೇಗೆ ಗೊತ್ತು? ಗುಂಡಿನ ಅಡಿಯಲ್ಲಿ ಒಂದು ಕುಳಿ ಉಂಟು. ಅದರಲ್ಲಿ ಕೊಬ್ಬು ಮೆತ್ತಿರುತ್ತಾರೆ. ತಳದ ಮರಳೋ ಕೆಸರೋ ಅದಕ್ಕೆ ಅಂಟಿ ಮೇಲೆ ಬರುತ್ತದೆ. ಇಷ್ಟೇ ವಿದ್ಯೆ.

ಹಗ್ಗದಲ್ಲಿ ಗುರುತುಗಳು ಉಂಟು. ಎರಡು ಮಾರಿಗೆ ಒಂದು ಬಗೆಯ ಚರ್ಮದ ತುಂಡು, ಮೂರಕ್ಕೆ ಇನ್ನೊಂದು ಬಗೆಯದು, ಐದಕ್ಕೆ ಬಿಳಿ ಬಟ್ಟೆ, ಏಳಕ್ಕೆ ಕೆಂಪು ಬಟ್ಟೆ. ಅಳಿವೆ ಬಾಗಿಲಿನಲ್ಲಿ ಮೂರು ಮಾರು ನೀರು ಸಿಕ್ಕಿದರೆ ಕಚೇರಿಯಲ್ಲಿ ಹಬ್ಬ! ಬಿಳಿ ಬಟ್ಟೆ ಮುಳುಗುವುದೇ ಅಪರೂಪ. ಕೆಂಪು ಬಟ್ಟೆ ಮುಳುಗಿದ್ದನ್ನು ಯಾರೂ ಕಂಡಿಲ್ಲ. ಆದರೂ ಸರ್ಕಾರದ ಹಗ್ಗ, ಸರ್ಕಾರದ ನಿಯಮ. ಕೆಂಪು ಇರಲೇಬೇಕು. ಹಗ್ಗ ಹಳತಾಗಿ ಹೊಸದು ಬಂದಾಗಲೆಲ್ಲ ಮಾವ ಹೊಸ ಕೆಂಪು ಬಟ್ಟೆಯನ್ನು ಬಿಚ್ಚಿ ಎಸೆದು, ಹಳೆಯ ಕೆಂಪು ಬಟ್ಟೆಯನ್ನೇ ಅಲ್ಲಿ ಕಟ್ಟುತ್ತಾರೆ.

ಗುಮಾಸ್ತರು ಒಮ್ಮೆ ಕೇಳಿಯೇ ಬಿಟ್ಟರಂತೆ. "ಹೊಸ ಬಟ್ಟೆಗೆ ಎಂತ ಆಗಿದೆ?"

"ಅದು ಬಣ್ಣ ಬಿಡ್ತದೆ."

"ನೀರಿಗೇ ಇಳಿಯುವುದಿಲ್ಲ. ಬಣ್ಣ ಹೇಗೆ ಬಿಡ್ತದೆ ಮಾರಾಯ?"

ಮಾವ ಗುಂಡು ಎಸೆದರು. "ಎರಡು ಮಾರು! ಕೆಸರು!"

ಈ ಅಳತೆಯನ್ನು ಬಂದರಿನಲ್ಲೇ ಬಿಟ್ಟು ಬಂದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಮನೆಗೂ ತಂದರು! ಗಂಜಿಯ ಮಡಕೆಗೆ ಸೌಟು ಇಳಿಸಿ, ಎತ್ತಿ, ಹೆಬ್ಬೆರಳಿನಿಂದ ಗುರುತು ಹಿಡಿದು, "ನೀರು ಹೆಚ್ಚು, ತಳದಲ್ಲಿ ಅನ್ನ ಕಡಿಮೆ" ಎಂದು ವರದಿ ಕೊಡುವುದು. ನನ್ನ ತಾಯಿ, "ಅಕ್ಕಿಯ ಅಂಗಡಿಯವನ ಹತ್ತಿರ ಹೋಗಿ ಕೂಗು ಮಾರಾಯ, ನನ್ನ ಹತ್ತಿರ ಅಲ್ಲ" ಎಂದು ಸೌಟು ಕಿತ್ತುಕೊಳ್ಳುವುದು. ಬಂಗುಡೆ ಮೀನು ಕೊಳ್ಳುವಾಗ ಒಂದೊಂದಕ್ಕೂ ಗೇಣು ಹಾಕಿ ನೋಡುವ ಗಿರಾಕಿಯನ್ನು ನೀವು ಕಂಡಿದ್ದೀರಾ? ನಮ್ಮ ಮನೆಯಲ್ಲಿ ಒಬ್ಬರು ಇದ್ದಾರೆ.

ಒಮ್ಮೆ ಮಾವನಿಗೆ ಜ್ವರ ಬಂತು. ಡಾಕ್ಟರು ಕಂಕುಳಲ್ಲಿ ಗಾಜಿನ ಕಡ್ಡಿ ಇಟ್ಟು ನೋಡಿ, ನೂರ ಎರಡು ಎಂದರು. ಮಾವ ಕಣ್ಣು ಬಿಟ್ಟು ಕೇಳಿದರು, "ಯಾವ ಉಬ್ಬರದಲ್ಲಿ?"

ಡಾಕ್ಟರಿಗೆ ತಲೆಬುಡ ಗೊತ್ತಾಗಲಿಲ್ಲ. ಸಂಗತಿ ಇಷ್ಟೇ. ನೀರು ಅಳೆಯುವಾಗ ಸಮುದ್ರ ಉಬ್ಬರದಲ್ಲಿ ಉಂಟಾ ಇಳಿತದಲ್ಲಿ ಉಂಟಾ ಎಂದು ದೋಣಿ ಕಟ್ಟುವ ಧಕ್ಕೆಯಲ್ಲಿ ನೆಟ್ಟ ಕಂಬ ನೋಡಿ ಬರೆದುಕೊಳ್ಳಬೇಕು. ಉಬ್ಬರದ ಮೂರು ಮಾರು ಇಳಿತದಲ್ಲಿ ಎರಡೇ ಆಗಬಹುದು. ಕಂಬ ನೋಡದೆ ಹೇಳಿದ ಲೆಕ್ಕಕ್ಕೆ ಬೆಲೆ ಇಲ್ಲ. "ನಿಮ್ಮ ಕಂಬ ಎಲ್ಲುಂಟು ಡಾಕ್ಟರೇ? ಮೊದಲು ನಿಮ್ಮ ಕಂಕುಳಲ್ಲಿ ಇಟ್ಟು ನೋಡಿ. ಆಮೇಲೆ ನನ್ನದು ಹೇಳಿ." ಡಾಕ್ಟರು ನಿಜವಾಗಿಯೂ ಇಟ್ಟು ನೋಡಿದರು! ಅವರಿಗೂ ಸಣ್ಣ ಜ್ವರ ಇತ್ತು. ಇಬ್ಬರೂ ಒಂದೇ ಸೀಸೆಯ ಔಷಧಿ ಕುಡಿದರು.

ಇನ್ನು ಹಲ್ವದ ಕತೆ. ಯುದ್ಧದ ಸಮಯ, ಯಾವುದೂ ಸಿಗುವುದಿಲ್ಲ. ಕಚೇರಿಯಲ್ಲಿ ಗುಂಡಿಗೆ ಮೆತ್ತುವ ಕೊಬ್ಬು ಮುಗಿಯಿತು. ಮಾವ ಸ್ವಲ್ಪ ದಿನ ನಮ್ಮ ಬಟ್ಟೆ ಒಗೆಯುವ ಸಾಬೂನು ಮೆತ್ತಿದರು. ತಾಯಿ ಸಾಬೂನನ್ನು ಅಕ್ಕಿಯ ಡಬ್ಬಿಯಲ್ಲಿ ಅಡಗಿಸಿಟ್ಟರು. ಆಗ ಕಲ್ಲಿಕೋಟೆಯಿಂದ ಬಂದ ಮಂಜಿಯ ಬ್ಯಾರಿ ಗೆಳೆಯರೊಬ್ಬರು ಮಾವನಿಗೆ ಒಂದು ತುಂಡು ಕಪ್ಪು ಹಲ್ವ ಕೊಟ್ಟರು. ಬೇರೆಯವರಾದರೆ ಬಾಯಿಗೆ ಹಾಕುತ್ತಿದ್ದರು. ಮಾವ ಬೆರಳಲ್ಲಿ ಒತ್ತಿ ನೋಡಿದರು. ಚೆನ್ನಾಗಿ ಅಂಟುತ್ತಿತ್ತು. ತೆಗೆದು ಗುಂಡಿಗೆ ಮೆತ್ತಿದರು!

ಗುಂಡು ಹೋಯಿತು, ಬಂತು. ಮಾವ ಅಡಿ ನೋಡಿದರು. ಕಣ್ಣಿಗೆ ಕಂಡದ್ದನ್ನು ಮುಚ್ಚಿಡುವುದು, ಕಾಣದ್ದನ್ನು ಸೇರಿಸುವುದು ಅವರ ಕೈಯಲ್ಲಿ ಆಗುವುದಿಲ್ಲ. ಕೂಗಿದರು: "ಎರಡೂವರೆ ಮಾರು! ಮರಳು, ಚಿಪ್ಪು, ಗೇರುಬೀಜ!"

ಗುಮಾಸ್ತರು ಬರೆದುಬಿಟ್ಟರು. ಅದನ್ನು ಓದಿದ ದೊರೆಗೆ, ಅಲ್ಲಿ ಗೇರುಬೀಜದ ಮಂಜಿ ಮುಳುಗಿರಬೇಕೆಂದು ಸಂಶಯ ಬಂತು. ಮರುದಿನ ಇಡೀ ದೋಣಿ ಅದೇ ಜಾಗದಲ್ಲಿ ಸುತ್ತು ಹೊಡೆಯಿತು. ಎಷ್ಟು ಸಲ ಗುಂಡು ಎಸೆದರೂ ಗೇರುಬೀಜ ಸಿಗಲಿಲ್ಲ. ಹೇಗೆ ಸಿಗುತ್ತದೆ? ಉಳಿದ ಹಲ್ವವನ್ನು ನಾನು ತಿಂದಿದ್ದೆ.

ಇಷ್ಟು ಕೇಳಿದವರು, ಇಂಥವರಿಗೆ ಹೆಣ್ಣು ಯಾರು ಕೊಟ್ಟರು ಎಂದು ಕೇಳುತ್ತಾರೆ. ಯಾರೂ ಕೊಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಬ್ಬರು ಕೊಡುತ್ತೇನೆ ಎಂದಿದ್ದರು. ಮಾವ ತೆಗೆದುಕೊಳ್ಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಇದು ನಾನು ಹುಟ್ಟುವ ಮೊದಲಿನ ಸಂಗತಿ. ತಾಯಿ ಹೇಳಿದ್ದನ್ನು ಹೇಳುತ್ತೇನೆ.

ಉಳ್ಳಾಲದಿಂದ ಕಲ್ಯಾಣಿ ಎಂಬ ಹುಡುಗಿ ದೋಣಿ ದಾಟಿ ಮಂಗಳೂರಿಗೆ ಮೀನು ಮಾರಲು ಬರುತ್ತಿದ್ದರು. ಗೇಣು ಹಾಕುವ ಗಿರಾಕಿಯನ್ನು ಮೊದಲ ದಿನವೇ ಚೆನ್ನಾಗಿ ಬೈದರಂತೆ. "ಮೀನು ತಿನ್ಲಿಕ್ಕಾ, ಅಂಗಿ ಹೊಲಿಸ್ಲಿಕ್ಕಾ?" ಎರಡನೆಯ ದಿನ ಬೈಯಲಿಲ್ಲ. ಮೂರನೆಯ ದಿನ ದೊಡ್ಡ ಬಂಗುಡೆಗಳನ್ನು ಬೇರೆ ತೆಗೆದಿಟ್ಟಿದ್ದರು. ಆಮೇಲೆ ಎರಡೂ ಮನೆಯವರು ಮಾತಾಡಿದರು. ಕಲ್ಯಾಣಿಯ ತಂದೆಯದು ಒಂದೇ ಮಾತು. "ನಿಮ್ಮ ಮನೆಯಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ. ಹುಡುಗ ಬೇರೆ ಮನೆಗೆ ಒಂದು ಮಾಡು ಕಟ್ಟಿಸ್ಲಿ. ಮರುದಿನ ಮದುವೆ."

ಜಾಗ ಇತ್ತು. ಬಂದರಿನ ಎದುರು, ಹೊಳೆಗೂ ಸಮುದ್ರಕ್ಕೂ ನಡುವೆ ನಾಲಗೆಯ ಹಾಗೆ ಚಾಚಿದ ಮರಳಿನ ನೆಲ ಬೆಂಗ್ರೆ. ಅಲ್ಲಿ ಮಾವನ ಪಾಲಿಗೆ ಒಂದು ತುಂಡು ಬಂದಿತ್ತು. ಮುಳಿ ಹುಲ್ಲಿನ ಮಾಡು, ಮಣ್ಣಿನ ಗೋಡೆ, ಒಂದು ಬೇಸಗೆಯ ಕೆಲಸ. ಬೇರೆ ಯಾರಾದರೂ ಕಟ್ಟಿ, ಮದುವೆಯಾಗಿ, ಮಕ್ಕಳನ್ನೂ ಮಾಡಿಕೊಳ್ಳುತ್ತಿದ್ದರು. ಮಾವ ಏನು ಮಾಡಿದರು? ಅಳೆಯಲು ಕೂತರು!

ಅದಕ್ಕೂ ಒಂದು ಕಾರಣ ಇತ್ತು. ಮಾವನೂ ತಾಯಿಯೂ ಸಣ್ಣವರಿದ್ದಾಗ ಅವರ ಮನೆ ಇದ್ದದ್ದು ಅದೇ ಬೆಂಗ್ರೆಯ ತುದಿಯಲ್ಲಿ. ಒಂದು ಮಳೆಗಾಲ ಮಧ್ಯಾಹ್ನ, ಒಲೆಯ ಮೇಲೆ ಅನ್ನ ಕುದಿಯುತ್ತಿರುವಾಗ ಹೊಳೆ ಅಂಗಳಕ್ಕೆ ಬಂತು. ಎಲ್ಲರೂ ಮಕ್ಕಳನ್ನು ಎತ್ತಿಕೊಂಡು ಓಡಿದರು. ತಿರುಗಿ ನೋಡಿದಾಗ ಮನೆಯೂ ಇಲ್ಲ, ಒಲೆಯೂ ಇಲ್ಲ, ಅನ್ನವೂ ಇಲ್ಲ. ತಾಯಿ ಇದನ್ನು ಹೇಳುವಾಗ ಈಗಲೂ ಅನ್ನದ ಬಗ್ಗೆಯೇ ಹೆಚ್ಚು ಬೇಜಾರು ಮಾಡುತ್ತಾರೆ.

ಹಾಗಾಗಿ ಮಾವನಿಗೆ ಒಂದೇ ಹಟ. ಹೊಳೆ ಆ ತುಂಡನ್ನು ತಿನ್ನುವುದಿಲ್ಲ ಎಂದು ಖಂಡಿತವಾದ ಮೇಲೆಯೇ ಕಟ್ಟುವುದು. ನೀರಿನ ಅಂಚಿನಿಂದ ಎಷ್ಟು ದೂರ ಉಂಟೆಂದು ನೋಡಲು ಗೂಟ ಹಾಕಿದರು. ಗೂಟವನ್ನು ಯಾರೋ ಸೌದೆಗೆ ಕಿತ್ತುಕೊಂಡು ಹೋದರು. ಆಗ ಗೂಟದ ಬದಲು ತೆಂಗಿನ ಸಸಿ ನೆಟ್ಟರು. ಸಸಿಯನ್ನು ಯಾರೂ ಕೀಳುವುದಿಲ್ಲವಲ್ಲ! ಮಳೆಗಾಲ ಕಳೆಯಿತು. ಹೊಳೆ ಸ್ವಲ್ಪ ಹತ್ತಿರ ಬಂದಿತ್ತು. "ಇನ್ನೊಂದು ಮಳೆಗಾಲ ನೋಡುವ" ಎಂದರು. ಮುಂದಿನ ವರ್ಷ ಹೊಳೆ ದೂರ ಹೋಯಿತು. "ದೂರ ಹೋದದ್ದು ಯಾಕೆಂದು ಗೊತ್ತಾಗಬೇಕು, ಇನ್ನೊಂದು ನೋಡುವ." ಅದರ ಮುಂದಿನ ವರ್ಷ ಹೊಳೆ ಹತ್ತಿರವೂ ಬರಲಿಲ್ಲ, ದೂರವೂ ಹೋಗಲಿಲ್ಲ. ಇದಕ್ಕಿಂತ ಒಳ್ಳೆಯ ಸುದ್ದಿ ಉಂಟಾ? ಮಾವನಿಗೆ ಅದೇ ದೊಡ್ಡ ಸಂಶಯ! "ಸುಮ್ಮನೆ ಇರುವ ಹೊಳೆಯನ್ನು ನಂಬ್ಲಿಕ್ಕೆ ಆಗುವುದಿಲ್ಲ ಅಕ್ಕ."

ಕಲ್ಯಾಣಿ ದಿನಾ ಬುಟ್ಟಿ ಇಳಿಸುವಾಗ ಕೇಳುವುದು, "ಎಂತ ಮಾರಾಯ್ರೇ, ಅಳತೆ ಮುಗೀತಾ?"

"ಈ ಒಂದು ಮಳೆಗಾಲ ಕಳೀಲಿ."

"ನಿಮ್ಮ ಮಳೆಗಾಲ ಕಳೆಯುವಾಗ ನನ್ನ ತಲೆ ಹಣ್ಣಾಗ್ತದೆ."

"ಈ ಒಂದೇ."

"ಹೊಳೆ ಬಂದ್ರೆ ನನಗೆ ಈಜ್ಲಿಕ್ಕೆ ಬರ್ತದೆ, ತಿಳೀತಾ? ನಿಮಗೂ ಬರ್ತದೆ. ಮತ್ತೆಂತ ಹೆದರಿಕೆ?"

ಮಾವ ಬಂಗುಡೆಗೆ ಗೇಣು ಹಾಕುತ್ತಾ ಕೂತರು.

ಕಲ್ಯಾಣಿಯ ತಂದೆ ಕಾದರು. ಬೇರೆಯವರ ತಂದೆಯಾದರೆ ಅಷ್ಟು ಕಾಯುತ್ತಿರಲಿಲ್ಲ ಎಂದು ತಾಯಿ ಹೇಳುತ್ತಾರೆ. ಕೊನೆಗೆ ಒಂದು ಮಳೆಗಾಲ ಕಳೆದ ಕೂಡಲೇ ಬೋಳಾರದ ಒಬ್ಬನಿಗೆ ಮಗಳನ್ನು ಕೊಟ್ಟರು. ಗಂಡು ಒಳ್ಳೆಯವನು. ಅದೂ ಒಂದು ಸಂಕಟವೇ! ಕೆಟ್ಟವನಾಗಿದ್ದರೆ ಬೈದಾದರೂ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು.

ಇನ್ನೂ ಒಂದು ಉಂಟು, ಕೇಳಿ. ಮದುಮಗಳ ದಿಬ್ಬಣ ಉಳ್ಳಾಲದ ಕಡೆಯಿಂದ ಬೋಳಾರಕ್ಕೆ ದೋಣಿಯಲ್ಲಿ ಬರಬೇಕು. ಮಳೆ ಈಗಷ್ಟೇ ಬಿಟ್ಟಿದೆ. ಮರಳಿನ ದಿಬ್ಬ ಎಲ್ಲಿ ಎದ್ದಿದೆ ಎಂದು ಯಾರಿಗೂ ಗೊತ್ತಿಲ್ಲ. ಜನ ತುಂಬಿದ ದೋಣಿ ನಡುನೀರಲ್ಲಿ ಸಿಕ್ಕಿಬಿದ್ದರೆ ಮುಹೂರ್ತ ಹೋಯಿತು. ದಾರಿ ತೋರಿಸಲು ನೀರು ಅಳೆಯುವವರೊಬ್ಬರು ಬೇಕು. ಯಾರನ್ನು ಕರೆದರು ಎಂದು ಹೇಳಬೇಕಾ?

ತಾಯಿ ತಡೆದರು. "ನೀನು ಹೋಗ್ಬೇಡ. ಜ್ವರ ಅಂತ ಹೇಳು."

"ದಿಬ್ಬ ಎದ್ದಿದೆ ಅಕ್ಕ. ದೋಣಿ ಮಗುಚ್ತದೆ."

ಹೋದರು. ಮದುಮಗಳ ದೋಣಿಯ ತಲೆಯಲ್ಲಿ ನಿಂತು, ಅವರ ಕಡೆಗೆ ಬೆನ್ನು ಹಾಕಿ, ಬೋಳಾರದ ತನಕ ಗುಂಡು ಎಸೆಯುತ್ತಾ ಕೂಗುತ್ತಾ ಬಂದರು. "ಒಂದೂವರೆ! ಒಂದೂಕಾಲು! ಎಡಕ್ಕೆ ತಿರುಗಿಸಿ! ಎರಡು!" ದೋಣಿ ಎಲ್ಲಿಯೂ ತಾಗಲಿಲ್ಲ. ಮಾತಿಗೊಂದು ಕುಟುಕುವ ಕಲ್ಯಾಣಿ ಆ ದಿನ ಏನೂ ಕೇಳಲಿಲ್ಲ. ಇಳಿಯುವಾಗ ಅವರ ಕೆಂಪು ಸೀರೆಯ ಸೆರಗು ದೋಣಿಯ ಮೊಳೆಗೆ ಸಿಕ್ಕಿ ಒಂದು ಪಟ್ಟಿ ಹರಿಯಿತು. ಮುದುಕಿಯರು ಶಕುನ ಸರಿ ಇಲ್ಲ ಎಂದು ಗೊಣಗಿದರು. ವಾದ್ಯ ಜೋರಾಯಿತು, ಎಲ್ಲರೂ ಮರೆತರು. ತಾಯಿಗೂ ಅಷ್ಟೇ ನೆನಪು.

ಆ ಮೇಲೆ ಮಾವನ ಹತ್ತಿರ ಹೆಣ್ಣಿನ ಮಾತು ತೆಗೆದವರು ಕಡಿಮೆ. ತೆಗೆದವರಿಗೆ, ಈ ಮಳೆಗಾಲ ಕಳೀಲಿ ಎಂಬ ಉತ್ತರ ಸಿದ್ಧ ಇತ್ತು. ಹೊಳೆ ಆ ತುಂಡು ನೆಲವನ್ನು ತಿಂದಿತಾ? ಇಲ್ಲ! ಇವತ್ತಿಗೂ ಇಲ್ಲ! ಗೂಟದ ಬದಲು ನೆಟ್ಟ ತೆಂಗಿನ ಸಸಿಗಳು ಮರವಾಗಿ ಸಾಲಾಗಿ ನಿಂತಿವೆ. ನಾವು ವರ್ಷವಿಡೀ ಅವುಗಳ ಕಾಯಿ ಅರೆದು ಮೀನಿನ ಗಸಿ ಮಾಡುತ್ತೇವೆ. ಮಾವ ಉಣ್ಣುವಾಗ ಒಮ್ಮೆಯೂ ಅಡುಗೆಯನ್ನು ಹೊಗಳಿದವರಲ್ಲ. ಆ ತೆಂಗಿನಕಾಯಿಯ ರುಚಿ ಅವರಿಗೆ ಹೇಗೆ ಹಿಡಿಸೀತು ಹೇಳಿ?

ತಾಯಿಗೆ ಈಗಲೂ ಕೊರಗು. "ನಾನು ಅಕ್ಕ ಅಲ್ವಾ, ಒಂದು ದಿನ ಕುತ್ತಿಗೆ ಹಿಡಿದು ಕಟ್ಟಿಸ್ಬೇಕಿತ್ತು" ಎನ್ನುತ್ತಾರೆ. ಯಾರ ಕುತ್ತಿಗೆ ಹಿಡಿದರೂ ಹೊಳೆಯಿಂದ ಚೀಟಿ ಬರೆಸಿಕೊಳ್ಳಲು ಆಗುತ್ತದಾ? ಮಾವನಿಗೆ ಬೇಕಾಗಿದ್ದದ್ದು ಅದೇ, ಹೊಳೆ ಸಹಿ ಹಾಕಿಕೊಟ್ಟ ಚೀಟಿ.

ಕಲ್ಯಾಣಿ, ನನಗೆ ಕಲ್ಯಾಣಕ್ಕ, ಮೀನು ಮಾರುವುದನ್ನು ಬಿಡಲಿಲ್ಲ. ಬೋಳಾರದಿಂದ ಬರುತ್ತಾರೆ, ನಮ್ಮ ಮನೆಗೂ ಬರುತ್ತಾರೆ. ಈಗ ಅವರಿಗೆ ಮೊಮ್ಮಕ್ಕಳಿದ್ದಾರೆ, ತಲೆಯೂ ಹಣ್ಣಾಗಿದೆ. ಬುಟ್ಟಿ ಇಳಿಸುವಾಗ ನಗುತ್ತಾ ಅದೇ ಮಾತು, "ಎಂತ, ಅಳತೆ ಮುಗೀತಾ?" ಮಾವ ತಲೆ ಎತ್ತದೆ ಬಂಗುಡೆಗೆ ಗೇಣು ಹಾಕುತ್ತಾರೆ. ಕೇಳುವವರಿಗೆ ತಮಾಷೆ. ನನಗೂ ಇಷ್ಟು ದಿನ ತಮಾಷೆಯೇ ಆಗಿತ್ತು.

ಈ ವರ್ಷ ಎರಡು ಸಂಗತಿ ಒಟ್ಟಿಗೆ ಆದವು. ಮಾವನ ಭುಜ ಸೋತಿತು, ಗುಂಡು ಬೀಸಲು ಆಗುವುದಿಲ್ಲ ಎಂದು ಕೆಲಸ ಬಿಟ್ಟರು. ಗುಂಡನ್ನು ಕಚೇರಿಗೆ ಒಪ್ಪಿಸಿ, ಸವೆದ ಹಗ್ಗವನ್ನು ಕೇಳಿ ಮನೆಗೆ ತಂದರು. ಎರಡನೆಯದು, ನನಗೆ ಮದುವೆ ನಿಶ್ಚಯವಾಯಿತು. ಹುಡುಗಿಯ ಮನೆಯವರೂ ಅದೇ ಮಾತು ಹೇಳಿದರು. ನಿಮ್ಮ ಮನೆಯಲ್ಲಿ ಜಾಗ ಇಲ್ಲ, ಒಂದು ಮಾಡು ಕಟ್ಟು! ನಾನು ಧಕ್ಕೆಯಲ್ಲಿ ಹಂಚು ಹೊರುವವನು. ನನಗೆ ಎಲ್ಲಿಯ ನೆಲ?

ಮಾವ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಾ ಇದ್ದರು. ತಲೆ ಎತ್ತದೆ ಹೇಳಿದರು, "ಬೆಂಗ್ರೆಯದ್ದು ಉಂಟಲ್ವಾ. ಅಲ್ಲಿ ಕಟ್ಟು."

ನನಗೆ ನಗು ಬಂತು. "ಅಳೆದು ಮುಗಿಯುವಾಗ ನಾನು ಮುದುಕ ಆಗ್ತೇನೆ ಮಾವ."

"ಅಳೆಯುವುದು ಬೇಡ."

ಒಳಗೆ ತಾಯಿಯ ಕೈಯಿಂದ ಸೌಟು ಬಿದ್ದ ಸದ್ದಾಯಿತು.

"ಹೊಳೆ ಬಂದ್ರೆ?" ಎಂದೆ.

"ಬಂದ್ರೆ ಎದ್ದು ಬಾ. ಹೆಂಡತಿಯನ್ನು ಕರ್ಕೊಂಡು ಬಾ." ಅಡಿಕೆ ಕತ್ತರಿಸುವುದು ನಿಂತಿತು. "ನಮ್ಮದು ಹೋದ ದಿನ ಮನೆ ಮಾತ್ರ ಹೋದದ್ದು. ಎಲ್ಲರೂ ಬದುಕಿ ಬಂದೆವು. ನಾನು ಅದನ್ನು ಲೆಕ್ಕಕ್ಕೇ ಹಿಡೀಲಿಲ್ಲ."

ನಾನು ಒಳಗೆ ಹೋಗಿ ತಾಯಿಯ ಸೌಟು ಎತ್ತಿಕೊಟ್ಟೆ.

ಮರುವಾರ ಬೆಳಿಗ್ಗೆ ಮನೆಯ ಪಂಚಾಂಗ, ಅಂದರೆ ತಳಪಾಯ, ಹಾಕಲು ಬೆಂಗ್ರೆಗೆ ಹೋದೆವು. ಮೇಸ್ತ್ರಿ ಗೂಟ ಹೊಡೆದು ನೂಲು ಕೇಳಿದ. ನೂಲು ತರಲು ನಾನು ಮರೆತಿದ್ದೆ. ಮಾವ ಕಂಕುಳಿನಿಂದ ಹಗ್ಗದ ಸುರುಳಿ ತೆಗೆದು ಕೊಟ್ಟರು. ಮೇಸ್ತ್ರಿ ಅದನ್ನು ಗೂಟದಿಂದ ಗೂಟಕ್ಕೆ ಎಳೆಯುತ್ತಾ ಹೋದ. ಚರ್ಮದ ತುಂಡುಗಳು ಹೊರಗೆ ಬಂದವು. ಕಪ್ಪಾಗಿ, ಗಟ್ಟಿಯಾಗಿ, ಉಪ್ಪು ಕುಡಿದು ಸುಟ್ಟ ಮೀನಿನ ಹಾಗೆ ಆಗಿದ್ದವು. ಬಿಳಿ ಬಟ್ಟೆ ಎಂಬುದು ಕಂದು ನಾರಾಗಿತ್ತು. ಕೊನೆಗೆ ಕೆಂಪು ಬಟ್ಟೆ ಬಂತು. ಬಾಗಿಲು ಬರುವ ಜಾಗದಲ್ಲಿ ನೇತುಬಿತ್ತು.

ಅಷ್ಟು ಹೊತ್ತಿಗೆ ಬೆಂಗ್ರೆಯ ದೋಣಿಗಳಿಂದ ಮೀನು ಕೊಂಡು ಕಲ್ಯಾಣಕ್ಕ ಅದೇ ದಾರಿಯಲ್ಲಿ ಬಂದರು. ಗೂಟ ಕಂಡು ನಿಂತರು. "ಎಂತ ಮಾರಾಯ್ರೇ," ಎಂದು ಶುರು ಮಾಡಿದರು. ಕಣ್ಣು ಕೆಂಪು ಬಟ್ಟೆಯ ಮೇಲೆ ಬಿತ್ತು. ಬುಟ್ಟಿ ಇಳಿಸಿ, ಹಗ್ಗದ ಹತ್ತಿರ ಬಂದು, ಆ ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿದರು. ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. ಆಗ ನನಗೆ ತಾಯಿ ಹೇಳಿದ ಮೊಳೆಯ, ಹರಿದ ಸೆರಗಿನ ನೆನಪು ಬಂತು.

"ಬಣ್ಣ ಹೋಗ್ಲೇ ಇಲ್ಲ" ಎಂದರು ಕಲ್ಯಾಣಕ್ಕ.

"ಅಷ್ಟು ಆಳಕ್ಕೆ ನಾನು ಯಾವತ್ತೂ ಬಿಡ್ಲಿಲ್ಲ" ಎಂದರು ಮಾವ.

ಮೇಸ್ತ್ರಿ ಹಗ್ಗ ಹಿಡಿದುಕೊಂಡು ನಿಂತೇ ಇದ್ದ. ನಾನು ತೆಂಗಿನ ಮರ ನೋಡಿದೆ. ಗಂಟು ಸಡಿಲವಾಗಿತ್ತೋ ಏನೋ, ಕಲ್ಯಾಣಕ್ಕ ಬಗ್ಗಿ ಅದನ್ನು ಇನ್ನೊಮ್ಮೆ ಬಿಗಿಯಾಗಿ ಕಟ್ಟಿದರು. ಆಮೇಲೆ ಬುಟ್ಟಿಯಿಂದ ಒಂದು ಕೈ ತುಂಬ ಬಂಗುಡೆ ತೆಗೆದು ಮಾವನ ಎದುರು ಹಿಡಿದರು.

ಮಾವ ಎರಡೂ ಕೈ ಚಾಚಿ ತೆಗೆದುಕೊಂಡರು. ಗೇಣು ಹಾಕಲಿಲ್ಲ.